ಹಕ್ಕಿಗೆ ಬೆಲ್ಲದ ನೀರು

ನಮ್ಮ ಮನೆಯೊಳಗೆ ಬಿಳಿ ಸಕ್ಕರೆ ಬಾರದೆ ಆರು ವರ್ಷವಾಗಿತ್ತು. ನನ್ನ ರಕ್ತಪರೀಕ್ಷೆಯ ವರದಿ ಬಂದ ದಿನವೇ ನನ್ನ ಹೆಂಡತಿ ಡಬ್ಬಿಯಲ್ಲಿದ್ದ ಸಕ್ಕರೆಯನ್ನೆಲ್ಲ ಪಕ್ಕದ ಮನೆಗೆ ಕೊಟ್ಟು, ಅದೇ ಡಬ್ಬಿಗೆ ಬೆಲ್ಲದ ಪುಡಿ ತುಂಬಿಟ್ಟಳು. ಬೆಲ್ಲವೂ ಸಕ್ಕರೆಯೇ ಎಂದು ಡಾಕ್ಟರು ಹೇಳಿದ್ದನ್ನು ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಆ ಮನುಷ್ಯನಿಗೆ ಬೆಲ್ಲದ ವಿಷಯ ಏನು ಗೊತ್ತು ಎಂಬುದು ನಮ್ಮ ಧೋರಣೆ. ಸಕ್ಕರೆ ವಿಷ, ಬೆಲ್ಲ ಔಷಧಿ. ಮಿಷಿಗನ್ನಿನ ನಮ್ಮ ಊರು ನೋವೈಯ ಕನ್ನಡದ ಮನೆಗಳಲ್ಲಿ ಈ ಬಗ್ಗೆ ಎರಡು ಮಾತಿಲ್ಲ. ಯಾರ ಮನೆಗೆ ಹೋದರೂ "ನಮ್ಮನೇಲಿ ಬೆಲ್ಲಾನೇ, ಆರ್ಗ್ಯಾನಿಕ್" ಎಂದು ಹೇಳಿಯೇ ಕಾಫಿ ಲೋಟ ಕೈಗಿಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮುಂದೆ ಮಾಡಿದ ತಪ್ಪು ಶುರುವಾದದ್ದು ಆ ಡಬ್ಬಿಯಿಂದಲೇ.

ಆ ವರ್ಷ ಮಾರ್ಚ್ ತಿಂಗಳಲ್ಲಿ ಹೆಂಡತಿ ಮಗಳ ಬಾಣಂತನಕ್ಕೆ ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ಗೆ ಹೋದಳು. ಮೂರು ತಿಂಗಳಿಗೆ ಬರುತ್ತೇನೆ ಎಂದು ಹೋದವಳು. ಮೂರು ತಿಂಗಳಾದ ಮೇಲೆ ಮಗಳು ಓಕ್ ಬ್ರೂಕ್‌ನ ಆಫೀಸಿಗೆ ಮರಳಿದಳು, ಮಗುವನ್ನು ಅಪರಿಚಿತರ ಕೈಗೆ ಕೊಡಲು ಯಾರಿಗೂ ಮನಸ್ಸಾಗಲಿಲ್ಲ, ಅಜ್ಜಿ ಅಲ್ಲೇ ಉಳಿದಳು. ಇದರಲ್ಲಿ ಯಾರದೂ ತಪ್ಪಿಲ್ಲ. ನಾನೂ ಎರಡು ಸಲ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ಬಂದೆ. ಅವರದು ಚಿಕ್ಕ ಮನೆ, ನನ್ನ ಗೊರಕೆ ದೊಡ್ಡದು. ಎರಡನೆಯ ಸಲ ಮಗಳು ಬಹಳ ಪ್ರೀತಿಯಿಂದ, "ಅಪ್ಪ, ಯು ಶುಡ್ ರಿಲ್ಯಾಕ್ಸ್ ಅಟ್ ಹೋಮ್" ಎಂದಳು. ಮೂರನೆಯ ಸಲ ನಾನು ಹೋಗಲಿಲ್ಲ.

ಏಪ್ರಿಲ್‌ನಲ್ಲಿ ನನ್ನ ಕೆಲಸವೂ ಮುಗಿಯಿತು. ಇಪ್ಪತ್ತಾರು ವರ್ಷ ನಾನು ಮಾಡಿದ್ದು ಕಾರಿನ ಸೀಟುಗಳನ್ನು ಪರೀಕ್ಷಿಸುವ ಕೆಲಸ. ಮನುಷ್ಯನ ಕೂರುವ ಭಾಗದ ಆಕಾರದ ಒಂದು ಯಂತ್ರವನ್ನು ಸೀಟಿನ ಮೇಲೆ ಸಾವಿರಾರು ಸಲ ಕೂರಿಸಿ ಎಬ್ಬಿಸಿ, ಎಲ್ಲಿ ಸವೆಯಿತು, ಎಲ್ಲಿ ಬಿರುಕು ಬಿಟ್ಟಿತು ಎಂದು ನೋಡುವುದು. ಕೇಳಿದವರು ನಗುತ್ತಾರೆ. ನಗಲಿ, ಆದರೆ ಯಾರಾದರೂ ಒಂದು ಬೋಲ್ಟನ್ನು ಬದಲಾಯಿಸಿ, "ಇದೂ ಅದೇ ಥರ ಸರ್, ಇನ್ನೂ ಒಳ್ಳೇದು" ಎಂದು ಹೇಳಿಕೊಂಡು ಬಂದರೆ ನಾನು ಅವರ ಬೆವರಿಳಿಸುತ್ತಿದ್ದೆ. ಪರೀಕ್ಷೆ ಮಾಡದೆ ಯಾವುದನ್ನೂ ಬದಲಾಯಿಸಬಾರದು ಎಂದು ಹೊಸಬರಿಗೆಲ್ಲ ಪಾಠ ಮಾಡುತ್ತಿದ್ದವನು ನಾನು. ಕೊನೆಯ ದಿನ ಸಹೋದ್ಯೋಗಿಗಳು ಕೇಕ್ ಕತ್ತರಿಸಿ, ಒಂದು ಹಮ್ಮಿಂಗ್‌ಬರ್ಡ್ ಫೀಡರ್ ಉಡುಗೊರೆ ಕೊಟ್ಟರು. ಗಾಜಿನ ಸೀಸೆ, ಕೆಳಗೆ ಕೆಂಪು ತಟ್ಟೆ, ತಟ್ಟೆಯಲ್ಲಿ ಹೂವಿನ ಆಕಾರದ ನಾಲ್ಕು ತೂತು. ಸಿಹಿನೀರು ತುಂಬಿ ನೇತುಹಾಕಿದರೆ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿ ಬಂದು ಕುಡಿಯುತ್ತದೆ.

ಪೆಟ್ಟಿಗೆಯೊಳಗೆ ಒಂದು ಚೀಟಿ ಇತ್ತು. ಒಂದು ಪಾಲು ಬಿಳಿ ಸಕ್ಕರೆ, ನಾಲ್ಕು ಪಾಲು ನೀರು. ಬೇರೆ ಯಾವ ಸಕ್ಕರೆಯೂ ಬೇಡ, ಜೇನುತುಪ್ಪವೂ ಬೇಡ, ಬಣ್ಣವೂ ಬೇಡ. ಓದಿ ನನಗೆ ನಗು ಬಂತು. ಈ ದೇಶದವರು ತಾವೂ ಸಕ್ಕರೆ ತಿಂದು ಕೆಡುತ್ತಾರೆ, ಹಕ್ಕಿಗಳನ್ನೂ ಕೆಡಿಸುತ್ತಾರೆ ಎಂದುಕೊಂಡೆ. ಮನೆಯಲ್ಲಿ ಸಕ್ಕರೆ ಇರಲೂ ಇಲ್ಲ. ಡಬ್ಬಿ ತೆಗೆದು ಒಂದು ಕಪ್ ಬೆಲ್ಲ ಅಳೆದು, ನಾಲ್ಕು ಕಪ್ ನೀರಿನಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಆರಿಸಿ ತುಂಬಿದೆ. ರಾಮನವಮಿಯ ಪಾನಕ ಮಾಡಿದಷ್ಟೇ ಶ್ರದ್ಧೆಯಿಂದ. ಏಲಕ್ಕಿ ಹಾಕುವುದೊಂದು ಬಾಕಿ.

ಹಿತ್ತಿಲ ಮರದ ಜಗಲಿಯ, ಇಲ್ಲಿನವರ ಡೆಕ್ಕಿನ, ಕಂಬಕ್ಕೆ ನೇತುಹಾಕಿ ಹತ್ತು ದಿನ ಕಾದೆ. ಹನ್ನೊಂದನೆಯ ಬೆಳಿಗ್ಗೆ ಏನೋ ಗುಂಯ್ ಎಂದಿತು. ಜೀರುಂಡೆ ಎಂದುಕೊಂಡು ತಲೆ ಎತ್ತಿದರೆ ಹಕ್ಕಿ. ನನ್ನ ಹೆಬ್ಬೆರಳಿನಷ್ಟು ಇರಬಹುದು. ಗಾಳಿಯಲ್ಲಿ ಒಂದೇ ಕಡೆ ನಿಂತು, ಕೊಕ್ಕನ್ನು ತೂತಿನೊಳಗೆ ಇಳಿಸಿ ಕುಡಿದು, ಹಿಂದಕ್ಕೆ ಸರಿದು, ನನ್ನ ಕಡೆ ಒಮ್ಮೆ ನೋಡಿ ಹೋಯಿತು. ನಮ್ಮ ಕಡೆಯ ಸೂರಕ್ಕಿಯನ್ನು ಚಿಕ್ಕಂದಿನಲ್ಲಿ ಮೈಸೂರಿನ ಮನೆಯ ದಾಸವಾಳದ ಗಿಡದಲ್ಲಿ ಎಷ್ಟೋ ನೋಡಿದ್ದೇನೆ, ಆದರೆ ಅದು ಕೊಂಬೆ ಹಿಡಿದು ಕೂರುತ್ತದೆ. ಇದು ಹಿಂದಕ್ಕೂ ಹಾರುತ್ತದೆ. ನಾನು ಯಾರಿಗಾದರೂ ಹೇಳಬೇಕೆಂದು ಮನೆಯೊಳಗೆ ತಿರುಗಿದೆ. ಒಳಗೆ ಯಾರೂ ಇರಲಿಲ್ಲ.

ಹೆಂಡತಿಗೆ ಫೋನ್ ಮಾಡಿದೆ. ಶಿಕಾಗೋ ಕಡೆ ಸಮಯ ನಮಗಿಂತ ಒಂದು ಗಂಟೆ ಹಿಂದೆ, ಅದನ್ನು ನಾನು ಯಾವಾಗಲೂ ಮರೆಯುತ್ತೇನೆ. ಅವಳು ಅರೆನಿದ್ದೆಯಲ್ಲಿ, "ಏನ್ರೀ, ಏನಾಯ್ತು?" ಎಂದು ಗಾಬರಿಯಾದಳು. ಹಕ್ಕಿ ಬಂತು ಎಂದೆ. "ಅಷ್ಟೇನಾ? ಒಳ್ಳೇದಾಯ್ತು ಬಿಡಿ. ರಾತ್ರಿಯೆಲ್ಲಾ ಮಗು ಮಲಗಿಲ್ಲ ರೀ, ಈಗಷ್ಟೇ ಕಣ್ಣು ಮುಚ್ಚಿದೆ" ಎಂದು ಪಿಸುಗುಟ್ಟಿದಳು. ನೀವು ಹೇಗಿದೀರಿ ಎಂದು ಕೇಳಿದಳು. ಆರಾಮಾಗಿದೀನಿ ಎಂದೆ. ದಿನವೂ ಅವಳು ಅದನ್ನೇ ಕೇಳುತ್ತಿದ್ದಳು, ದಿನವೂ ನಾನು ಅದನ್ನೇ ಹೇಳುತ್ತಿದ್ದೆ.

ಆರಾಮಾಗೇನೂ ಇರಲಿಲ್ಲ. ಒಬ್ಬನಿಗೆ ಅನ್ನ ಮಾಡುವುದು ಎಷ್ಟು ಕಷ್ಟ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಕುಕ್ಕರಿನ ತಳಕ್ಕೆ ಅಂಟುವಷ್ಟು ಅಕ್ಕಿ, ಮೂರು ಹೊತ್ತಿಗೂ ಅದೇ ಸಾರು. ಕೆಲವು ದಿನ ಸಂಜೆ ಫೋನ್ ಬರುವ ಹೊತ್ತಿಗೆ ನನ್ನ ಗಂಟಲು ಕಟ್ಟಿರುತ್ತಿತ್ತು, ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲವಾದ್ದರಿಂದ. ಶನಿವಾರ ದೇವಸ್ಥಾನಕ್ಕೆ ಹೋದರೆ ಪ್ರಸಾದದ ಸಾಲಿನಲ್ಲಿ ನಿಂತಾಗ ನಾಲ್ಕು ಜನ ಮಾತಾಡಿಸುತ್ತಿದ್ದರು. ಆ ನಾಲ್ಕು ಮಾತಿಗಾಗಿ ನಾನು ಎರಡು ಸಲ ಸಾಲಿನಲ್ಲಿ ನಿಂತದ್ದೂ ಇದೆ.

ಹಾಗಿರುವಾಗ ಈ ಹಕ್ಕಿ ಬಂತು. ಮೊದಲು ಕೆಂಪು ಕತ್ತಿನ ಒಂದು ಗಂಡು, ಆಮೇಲೆ ಒಂದು ಹೆಣ್ಣು. ಗಂಡು ಬರೀ ಜಗಳಗಂಟ, ಕುಡಿಯುವುದಕ್ಕಿಂತ ಬೇರೆಯವರನ್ನು ಓಡಿಸುವುದರಲ್ಲೇ ಅದರ ದಿನ ಕಳೆಯುತ್ತಿತ್ತು. ಹೆಣ್ಣು ಬೇರೆ ಥರ. ಅದರ ಬಾಲದ ಎಡಗಡೆ ಒಂದು ಗರಿ ಇರಲಿಲ್ಲ, ಹಾಗಾಗಿ ನನಗೆ ಗುರುತು ಸಿಗುತ್ತಿತ್ತು. ನಾನು ಕಾಫಿ ಹಿಡಿದು ಡೆಕ್ಕಿಗೆ ಬಂದರೆ ಐದು ನಿಮಿಷದಲ್ಲಿ ಬರುತ್ತಿತ್ತು. ನಾನು ಅದರೊಡನೆ ಮಾತಾಡಲು ಶುರುಮಾಡಿದೆ. ಏನಮ್ಮ, ತಡವಾಯ್ತಲ್ಲ ಎಂದು ಜೋರಾಗಿಯೇ ಕೇಳುತ್ತಿದ್ದೆ. ಬೇಲಿಯಾಚೆ ಹುಲ್ಲು ಕತ್ತರಿಸುತ್ತಿದ್ದವನು ಒಮ್ಮೆ ತಿರುಗಿ ನೋಡಿದ್ದರಿಂದ ಆಮೇಲೆ ಸ್ವಲ್ಪ ದನಿ ತಗ್ಗಿಸಿದೆ.

ಜೂನ್ ತಿಂಗಳಲ್ಲಿ ಒಂದು ವಿಡಿಯೋ ತೆಗೆದು ನಮ್ಮ ಊರಿನ ಕನ್ನಡಿಗರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ಆ ಗ್ರೂಪಿನಲ್ಲಿ ಅದುವರೆಗೆ ನನ್ನನ್ನು ಯಾರೂ ಅಷ್ಟಾಗಿ ಗಮನಿಸಿದ್ದಿಲ್ಲ. ಹಬ್ಬದ ಊಟಕ್ಕೆ ಮೊಸರನ್ನ ತರುವವರ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರು ಇರುತ್ತಿತ್ತು, ಅಷ್ಟೇ. ಆವತ್ತು ಮಾತ್ರ ಫೋನು ಕುಣಿಯಿತು. "ಸೂಪರ್ ಅಂಕಲ್", "ಅಂಕಲ್, ಹೇಗೆ ಬರತ್ತೆ ಇದು?", "ನೀರಿಗೆ ಏನು ಹಾಕ್ತೀರ?" ನಾನು ಕೂತು ಉದ್ದವಾಗಿ ಬರೆದೆ. ಬಿಳಿ ಸಕ್ಕರೆ ನಮಗೇ ಬೇಡವಾದ ಮೇಲೆ ಮನೆಗೆ ಬಂದ ಅತಿಥಿಗೆ ಯಾಕೆ, ಒಂದು ಕಪ್ ಬೆಲ್ಲ, ನಾಲ್ಕು ಕಪ್ ನೀರು, ಕುದಿಸಿ, ಸೋಸಿ, ಆರಿಸಿ. ಕೊನೆಗೆ, ನಾನು ಇಂಜಿನಿಯರ್, ಯೋಚಿಸಿಯೇ ಹೇಳುತ್ತಿದ್ದೇನೆ ಎಂದೂ ಸೇರಿಸಿದೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಒಂದೇ ವಾರದಲ್ಲಿ ಒಂಬತ್ತು ಮನೆಯವರು ಫೀಡರ್ ತಂದರು, ಫೋಟೋ ಹಾಕಿದರು. ನನಗೆ ಹಕ್ಕಿ ಅಂಕಲ್ ಎಂದು ಹೆಸರು ಬಿತ್ತು. ದೇವಸ್ಥಾನದಲ್ಲಿ ಹೆಂಗಸರು, "ನಿಮ್ಮ ಬೆಲ್ಲದ ನೀರು ಹಾಕಿದೀವಿ ಅಂಕಲ್" ಎಂದು ತಾವಾಗಿಯೇ ಬಂದು ಮಾತಾಡಿಸಿದರು. ಎರಡು ಸಂಸಾರ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದವು. ಮಾರ್ಚ್ ಆದಮೇಲೆ ಮೊದಲ ಸಲ ನಮ್ಮ ಮನೆಯ ಕರೆಗಂಟೆ ಪಾರ್ಸೆಲ್ಲಿನವನಲ್ಲದೆ ಬೇರೆಯವರ ಕೈಯಲ್ಲಿ ಸದ್ದು ಮಾಡಿತು. ನಾನು ಚಕ್ಕುಲಿ ತಟ್ಟೆಗೆ ಹಾಕಿ, ಟೀ ಮಾಡಿ, ಡೆಕ್ಕಿನ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ನನಗೆ ಆ ಬೇಸಿಗೆ ಬಹಳ ಸಂತೋಷವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಜುಲೈನಲ್ಲಿ ಬಿಸಿಲು ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ದಾಟಿತು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಸೀಸೆ ತೊಳೆದು, ಹೊಸದು ತುಂಬಿ ಎಂದು ಚೀಟಿಯಲ್ಲಿತ್ತು. ಚೆಲ್ಲುವುದೇ? ಸೋಸಿ ಮಾಡಿದ ಬೆಲ್ಲದ ನೀರನ್ನು ಸಿಂಕಿಗೆ ಸುರಿಯಲು ನನ್ನ ಕೈ ಬರಲಿಲ್ಲ. ತಟ್ಟೆಯಲ್ಲಿ ಅನ್ನದ ಅಗುಳು ಬಿಟ್ಟರೆ ಬೈಸಿಕೊಂಡು ಬೆಳೆದವರು ನಾವು. ಅರ್ಧ ಖಾಲಿಯಾದಾಗ ಮೇಲಿನಿಂದ ಹೊಸದನ್ನು ತುಂಬುತ್ತಿದ್ದೆ. ನಂದಾದೀಪಕ್ಕೆ ಎಣ್ಣೆ ಹಾಕಿದ ಹಾಗೆ. ವಾರಕ್ಕೊಮ್ಮೆ, ಕೆಲವು ಸಲ ಹತ್ತು ದಿನಕ್ಕೊಮ್ಮೆ ತೊಳೆಯುತ್ತಿದ್ದೆ. ಕೆಂಪು ತಟ್ಟೆಯ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಕಂಡಾಗ ಬೆಲ್ಲದ ಕಸ ಎಂದುಕೊಂಡೆ. ಸೀಟಿನ ಹೊಲಿಗೆಯಲ್ಲಿ ಕೂದಲಿನಷ್ಟು ಬಿರುಕಿದ್ದರೂ ಹಿಡಿಯುತ್ತಿದ್ದ ಕಣ್ಣು ಇದು.

ಆಗಸ್ಟ್ ಮೊದಲ ವಾರ ಒಂದು ಮಧ್ಯಾಹ್ನ ಆ ಹೆಣ್ಣುಹಕ್ಕಿ ಬಂದು ಫೀಡರಿನ ಅಂಚಿನಲ್ಲಿ ಕೂತಿತು. ಕೂತೇ ಇತ್ತು. ಮೈ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು. ನಾನು ನಿಧಾನವಾಗಿ ಎದ್ದೆ, ಹಾರಲಿಲ್ಲ. ಒಂದು ಹೆಜ್ಜೆ ಇಟ್ಟೆ, ಹಾರಲಿಲ್ಲ. ಎರಡು ಅಡಿ ದೂರದವರೆಗೆ ಹೋದೆ. ಅದು ನನ್ನನ್ನು ನೋಡಿತು, ಅಲ್ಲೇ ಇತ್ತು. ಕೊಕ್ಕಿನಿಂದ ನಾಲಿಗೆಯ ತುದಿ ದಾರದ ಹಾಗೆ ಹೊರಗೆ ಕಾಣುತ್ತಿತ್ತು. ನನ್ನ ಎದೆ ತುಂಬಿ ಬಂತು. ಮೂರು ತಿಂಗಳ ಮೇಲೆ ಇದಕ್ಕೆ ನಾನು ಯಾರೆಂದು ಗೊತ್ತಾಯಿತು, ಹೆದರಿಕೆ ಹೋಯಿತು ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು ಎಂದರೂ ಸುಳ್ಳಲ್ಲ. ಅದನ್ನೂ ವಿಡಿಯೋ ತೆಗೆದೆ. "ನೋಡಿ, ಈಗ ನನ್ನನ್ನು ನಂಬುತ್ತದೆ" ಎಂದು ಬರೆದು ಗ್ರೂಪಿಗೂ ಹೆಂಡತಿಗೂ ಕಳಿಸಿದೆ.

ಗ್ರೂಪಿನ ತುಂಬ ಹೃದಯದ ಚಿತ್ರಗಳು ಬಂದವು. ಹೆಂಡತಿಯೂ ಒಂದು ಕಳಿಸಿದಳು. ಸಂಜೆ ಫೋನ್ ಬಂತು, ಹೆಂಡತಿಯದಲ್ಲ. ನಮ್ಮ ಗ್ರೂಪಿನಲ್ಲೇ ಇರುವ ಹುಬ್ಬಳ್ಳಿಯ ಒಬ್ಬ ಹೆಂಗಸು. ಈದ್ ಬಂದರೆ ನಮ್ಮ ಬಡಾವಣೆಯ ಅರ್ಧ ಮನೆಗಳಿಗೆ ಸುರಕುಂಬಾ ಪಾಯಸ ಹಂಚುವವರು, ನಾಯಿ ಬೆಕ್ಕುಗಳ ಆಸ್ಪತ್ರೆಯೊಂದರಲ್ಲಿ ಕೆಲಸ.

"ಅಂಕಲ್, ನಮಸ್ಕಾರ್ರೀ. ಗ್ರೂಪಿನ್ಯಾಗ ಹಾಕೂದು ಬ್ಯಾಡ ಅಂತ ಫೋನ್ ಮಾಡೀನ್ರಿ. ಆ ವಿಡಿಯೋದಾಗಿನ ಹಕ್ಕಿಗೆ ಆರಾಮ ಇಲ್ಲ ಅನಸ್ತೈತ್ರಿ."

"ಯಾಕಮ್ಮ? ಚೆನ್ನಾಗಿ ಕೂತಿದೆಯಲ್ಲ."

"ಅದಽ ನೋಡ್ರಿ. ಆರಾಮ ಇದ್ದಿದ್ದು ಮನಶಾ ಸಮೀಪ ಬಂದ್ರ ಹಂಗ ಕುಂದ್ರೂದಿಲ್ಲ. ನಾಲಿಗಿ ಹೊರಗ ಬಂದೈತಿ, ಒಳಗ ಹೋಗವಲ್ದು. ನೀರಿಗೆ ಬೆಲ್ಲಾನಽ ಹಾಕ್ತೀರೇನ್ರಿ ಇನ್ನೂ?"

"ಮೂರು ತಿಂಗಳಿಂದ ಹಾಕ್ತಿದೀನಮ್ಮ. ಇಷ್ಟು ದಿನ ಏನೂ ಆಗಿಲ್ಲ."

"ತಪ್ಪ ತಿಳ್ಕೋಬ್ಯಾಡ್ರಿ ಅಂಕಲ್. ಹಕ್ಕಿ ನೋಡ್ಕೊಳ್ಳೋ ಒಬ್ರು ನಂಗ ಗೊತ್ತದಾರ, ನಂಬರ್ ಕಳಸ್ಲೇನ್ರಿ?"

ಬೇಡ ಎಂದೆ. ನಾಯಿಬೆಕ್ಕಿನ ಆಸ್ಪತ್ರೆಯವರಿಗೆ ಹಕ್ಕಿಯ ವಿಷಯ ಏನು ಗೊತ್ತಮ್ಮ ಎಂದೂ ಹೇಳಿದೆ. ನಗುತ್ತಲೇ ಹೇಳಿದೆ, ಆದರೆ ಹೇಳಿದೆ. ಆಕೆ "ಆತ್ರಿ ಅಂಕಲ್" ಎಂದು ಫೋನ್ ಇಟ್ಟರು. ಐದು ನಿಮಿಷಕ್ಕೆ ನಂಬರು ಬಂತು, ಜೊತೆಗೆ ಬೇರೆ ಮಾತೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಕ್ಕಿ ಡೆಕ್ಕಿನ ಹಲಗೆಯ ಮೇಲೆ ಬಿದ್ದಿತ್ತು. ಎತ್ತಿಕೊಂಡಾಗ ಕೈಯಲ್ಲಿ ಏನಾದರೂ ಇದೆ ಎಂದೇ ಅನಿಸಲಿಲ್ಲ, ಅಷ್ಟು ಹಗುರ. ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು. ನಾನು ಆ ನಂಬರಿಗೆ ಫೋನ್ ಮಾಡಿದೆ. ಗಾಯಗೊಂಡ ಕಾಡುಹಕ್ಕಿಗಳನ್ನು ನೋಡಿಕೊಳ್ಳಲು ಪರವಾನಗಿ ಇರುವ ಒಬ್ಬ ಅಮೆರಿಕನ್ ಹೆಂಗಸು, ಮನೆಯಲ್ಲೇ ಆ ಕೆಲಸ ಮಾಡುತ್ತಾರೆ. ಚಪ್ಪಲಿ ಪೆಟ್ಟಿಗೆಗೆ ತೂತು ಮಾಡಿ, ಮೆತ್ತನೆ ಕಾಗದ ಹಾಸಿ ತಕ್ಷಣ ತನ್ನಿ ಎಂದರು. ಇಪ್ಪತ್ತು ಮೈಲು. ಪಕ್ಕದ ಸೀಟಿನಲ್ಲಿ ಪೆಟ್ಟಿಗೆ ಇಟ್ಟು, ಅದು ಜಾರದಂತೆ ಒಂದು ಕೈಯಲ್ಲಿ ಹಿಡಿದು, ಒಂದೇ ಕೈಯಲ್ಲಿ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ, ಬದುಕಿಬಿಡು ತಾಯಿ, ಬದುಕಿಬಿಡು ಎನ್ನುತ್ತಿದ್ದೆ.

ಆಕೆ ಗ್ಯಾರೇಜಿನ ಮೇಜಿನ ಮೇಲೆ ದೀಪ ಹಾಕಿ, ಹಕ್ಕಿಯ ಕೊಕ್ಕನ್ನು ನೋಡಿದರು. ನಾಲಿಗೆ ಊದಿಕೊಂಡಿದೆ, ಶಿಲೀಂಧ್ರದ ಸೋಂಕಿನ ಹಾಗಿದೆ, ಹೀಗಾದರೆ ಇವಕ್ಕೆ ಕುಡಿಯಲೂ ಆಗುವುದಿಲ್ಲ, ಹುಳ ಹಿಡಿಯಲೂ ಆಗುವುದಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಫೀಡರಿನಲ್ಲಿ ಏನು ಹಾಕುತ್ತಿದ್ದಿರಿ?" ಎಂದು ಕೇಳಿದರು.

"ಸಕ್ಕರೆ ನೀರು" ಎಂದೆ.

"ಬಿಳಿ ಸಕ್ಕರೆ ತಾನೇ?"

"ಹೌದು."

ಅರವತ್ತು ದಾಟಿದವನು ನಾನು, ಶಾಲೆಯ ಹುಡುಗನ ಹಾಗೆ ಸುಳ್ಳು ಹೇಳಿದೆ. ಆಕೆ ಅದನ್ನು ಬರೆದುಕೊಂಡರು. ಮಧ್ಯಾಹ್ನದ ಮೇಲೆ ಫೋನ್ ಮಾಡಿ ಎಂದು ಹೇಳಿ ಕಳಿಸಿದರು.

ಮಧ್ಯಾಹ್ನ ಒಂದಕ್ಕೆ ಮಾಡಿದೆ. ಅರ್ಧ ಗಂಟೆಯ ಹಿಂದೆ ಜೀವ ಹೋಯಿತು ಎಂದರು. ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಹಾಗಾದರೆ ಫೀಡರ್ ಹಾಕುವುದೇ ತಪ್ಪೇ ಎಂದು ಕೇಳಿದೆ. ತಪ್ಪಲ್ಲ ಎಂದರು. ಬಿಳಿ ಸಕ್ಕರೆ, ಶುದ್ಧ ನೀರು, ಬಿಸಿಲಿನಲ್ಲಿ ಎರಡು ದಿನಕ್ಕೊಮ್ಮೆ ಹಳೆಯದನ್ನು ಚೆಲ್ಲಿ ಬಿಸಿನೀರಿನಲ್ಲಿ ತಿಕ್ಕಿ ತೊಳೆಯುವುದು, ಇಷ್ಟು ಮಾಡುವವರ ಹಿತ್ತಿಲಿನಲ್ಲಿ ಅವು ಚೆನ್ನಾಗಿಯೇ ಇರುತ್ತವೆ. ಮಾಡಲಾಗದಿದ್ದರೆ ತೆಗೆದಿಡುವುದೇ ಮೇಲು.

"ತೆಗೆದರೆ ಅವು ಉಪವಾಸ ಬೀಳುವುದಿಲ್ಲವೇ?" ಎಂದೆ.

ಆಕೆ ಸಣ್ಣಗೆ ನಕ್ಕರು, ಕೆಟ್ಟ ನಗುವಲ್ಲ. ಅವು ದಿನಕ್ಕೆ ನೂರಾರು ಹೂವಿಗೆ ಹೋಗುತ್ತವೆ, ಹುಳ ತಿನ್ನುತ್ತವೆ, ನಿಮ್ಮದು ಅವುಗಳ ದಾರಿಯಲ್ಲಿ ಒಂದು ನಿಲ್ದಾಣ ಅಷ್ಟೇ, ನೀವು ಇಲ್ಲದಿದ್ದರೂ ಅವಕ್ಕೆ ನಡೆಯುತ್ತದೆ ಎಂದರು. ಸಮಾಧಾನಕ್ಕೆ ಹೇಳಿದ ಮಾತು ಅದು. ನನಗೆ ಆದದ್ದು ಸಮಾಧಾನವಲ್ಲ. ಮೂರು ತಿಂಗಳಿಂದ ನನ್ನನ್ನು ಕಾಯುವ ಒಂದು ಜೀವ ಇದೆ ಎಂದುಕೊಂಡು ಏಳುತ್ತಿದ್ದವನು ನಾನು.

ಆಗ ಬಾಯಿಬಿಟ್ಟೆ. ನಾನು ಹಾಕಿದ್ದು ಸಕ್ಕರೆ ಅಲ್ಲ ಎಂದೆ. ಬೆಲ್ಲ ಎಂದರೇನೆಂದು ವಿವರಿಸಿದೆ, ಕಬ್ಬಿನ ಹಾಲನ್ನು ಕಾಯಿಸಿ ಮಾಡಿದ್ದು, ಕಬ್ಬಿಣದ ಅಂಶ ಹೆಚ್ಚು, ಒಳ್ಳೆಯದೆಂದು ಹಾಕಿದೆ ಎಂದೆ. ತೊಳೆದದ್ದು ಯಾವಾಗ ಎಂಬುದನ್ನೂ ಹೇಳಿದೆ. ಆಕೆ ಅದನ್ನೂ ಬರೆದುಕೊಂಡರು. ನಮಗೆ ಒಳ್ಳೆಯದಾದ ಆ ಕಬ್ಬಿಣ ಇಷ್ಟು ಚಿಕ್ಕ ಮೈಗೆ ಭಾರ, ಆ ನೀರು ಬೇಗ ಹುಳಿಯಲೂಬಹುದು, ಈ ಹಕ್ಕಿ ಇದರಿಂದಲೇ ಸತ್ತಿತೆಂದು ಆಣೆ ಮಾಡಿ ಹೇಳಲಾರೆ, ಆದರೆ ಅಲ್ಲವೆಂದೂ ಹೇಳಲಾರೆ ಎಂದರು. ಕೊನೆಗೆ ಕೇಳಿದರು: "ಇದನ್ನು ಇನ್ನು ಯಾರಿಗಾದರೂ ಹೇಳಿಕೊಟ್ಟಿದ್ದೀರಾ?"

ಒಂಬತ್ತು ಮನೆ.

ಗ್ರೂಪಿಗೆ ಬರೆಯಲು ಕೂತೆ. ಮೊದಲು ಬರೆದದ್ದು, ತಜ್ಞರ ಹೊಸ ಸಲಹೆಯ ಪ್ರಕಾರ ಬಿಳಿ ಸಕ್ಕರೆ ಉತ್ತಮ ಎಂದು. ಓದಿಕೊಂಡಾಗ ನನಗೇ ಅಸಹ್ಯವಾಯಿತು. ಹೊಸ ಸಲಹೆ ಎಂಥದು, ಪೆಟ್ಟಿಗೆಯ ಚೀಟಿಯಲ್ಲೇ ಇತ್ತಲ್ಲ. ಅಳಿಸಿದೆ. ಹಕ್ಕಿ ಅಂಕಲ್ ಆಗಿದ್ದವನು ಇದನ್ನು ಹೇಳಿದ ಮೇಲೆ ಮತ್ತೆ ಮೊಸರನ್ನದ ಪಟ್ಟಿಗೆ ಇಳಿಯುತ್ತಾನೆ, ಯಾರೂ ಬಾಗಿಲು ತಟ್ಟುವುದಿಲ್ಲ ಎಂಬ ಹೆದರಿಕೆ ಇತ್ತು, ಅದು ಸಣ್ಣದೇನಲ್ಲ. ಕೊನೆಗೆ ನೇರವಾಗಿ ಬರೆದೆ: ನಿನ್ನೆಯ ವಿಡಿಯೋದ ಹಕ್ಕಿ ಇವತ್ತು ಸತ್ತಿತು. ನಾನು ಹಾಕಿದ ಬೆಲ್ಲದ ನೀರಿನಿಂದ ಇರಬಹುದು. ನನ್ನ ಮಾತು ಕೇಳಿ ಹಾಕಿದವರು ದಯವಿಟ್ಟು ಇವತ್ತೇ ಚೆಲ್ಲಿ. ತಪ್ಪು ನನ್ನದು.

ಇಬ್ಬರು ಅಯ್ಯೋ ಪಾಪ ಎಂದರು. ಹುಬ್ಬಳ್ಳಿಯವರು ಕೈ ಮುಗಿದ ಚಿತ್ರ ಹಾಕಿದರು. ಒಬ್ಬ ಮಹಾಶಯ, "ಬೆಲ್ಲ ನ್ಯಾಚುರಲ್ ಅಂಕಲ್, ಅದರಿಂದ ಏನೂ ಆಗಲ್ಲ, ಅಮೆರಿಕದವರು ಹೀಗೇ ಹೆದರಿಸ್ತಾರೆ" ಎಂದು ಬರೆದ. ಅಕ್ಷರಶಃ ನನ್ನದೇ ಮಾತು. ಅದರ ಕೆಳಗೆ ಯಾರೋ ಗಣೇಶನ ಹಬ್ಬದ ಊಟದ ಪಟ್ಟಿ ಹಾಕಿದರು, ನನ್ನ ಮೆಸೇಜು ಮೇಲಕ್ಕೆ ಹೋಯಿತು.

ಬರೆದರೆ ಸಾಲದು ಎಂದು ಗೊತ್ತಾಯಿತು. ಅಂಗಡಿಗೆ ಹೋಗಿ ಒಂಬತ್ತು ಪೊಟ್ಟಣ ಬಿಳಿ ಸಕ್ಕರೆ, ಸಂದಿ ತಿಕ್ಕುವ ಬ್ರಷ್ಷು ತಂದೆ. ಎರಡು ದಿನ, ಒಂದೊಂದೇ ಮನೆಗೆ ಹೋದೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ. ಎಷ್ಟು ಹಕ್ಕಿ ಸತ್ತಿರಬಹುದು ಎಂದು ದಾರಿಯಲ್ಲಿ ಲೆಕ್ಕ ಹಾಕುತ್ತಿದ್ದೆ.

ಮೊದಲ ಮನೆಯಾಕೆ ಬಾಗಿಲು ತೆಗೆದು, ನಾನು ಹೇಳಿದ್ದೆಲ್ಲ ಕೇಳಿ, "ಅಯ್ಯೋ ಅಂಕಲ್, ಅದನ್ನ ತುಂಬಿಸಿ ಎಷ್ಟು ದಿನ ಆಯ್ತೋ! ಫೋಟೋ ತೆಗೆದ ವಾರಾನೇ ಲಾಸ್ಟು" ಎಂದಳು. ಹಿತ್ತಿಲಿಗೆ ಹೋಗಿ ನೋಡಿದೆ. ಸೀಸೆ ಒಣಗಿ, ಒಳಗೆ ಜೇಡ ಬಲೆ ಕಟ್ಟಿತ್ತು. ಎರಡನೆಯ ಮನೆಯಲ್ಲಿ ಇರುವೆ ಬಂದವೆಂದು ಜೂನ್‌ನಲ್ಲೇ ತೆಗೆದುಹಾಕಿದ್ದರು. ಇನ್ನೊಂದರಲ್ಲಿ ಫೀಡರ್ ಎಲ್ಲಿದೆಯೆಂದು ಗಂಡ ಹೆಂಡತಿ ಗ್ಯಾರೇಜಿನಲ್ಲಿ ಹುಡುಕಿದರು, ಸಿಗಲಿಲ್ಲ, ಟೀ ಕುಡಿದು ಹೋಗಿ ಎಂದರು. ಒಂದು ಮನೆಯಲ್ಲಿ ಮಾತ್ರ ಸೀಸೆ ತುಂಬಿತ್ತು, ನೀರು ತಿಳಿಯಾಗಿತ್ತು, ಎರಡು ಹಕ್ಕಿ ಜಗಳವಾಡುತ್ತಿದ್ದವು. ಮಗಳು ಶಾಲೆಯಲ್ಲಿ ಕೇಳಿಕೊಂಡು ಬಂದಳೆಂದು ಮೊದಲ ವಾರವೇ ಅವರು ಬಿಳಿ ಸಕ್ಕರೆಗೆ ಬದಲಾಯಿಸಿದ್ದರು. "ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ ಅಂಕಲ್" ಎಂದರು. ಬೆಲ್ಲ ನ್ಯಾಚುರಲ್ ಎಂದು ಬರೆದ ಮಹಾಶಯನ ಹಿತ್ತಿಲಲ್ಲಿ ಫೀಡರೇ ಇರಲಿಲ್ಲ. ಅವನು ಹಾಕಿದ್ದು ತನ್ನ ಅಣ್ಣನ ಮನೆಯ ಫೋಟೋ.

ಒಂಬತ್ತು ಮನೆ ಮುಗಿಯುವ ಹೊತ್ತಿಗೆ ನನಗೆ ನಗು ಬಂತು. ಕಾರಿನಲ್ಲಿ ಒಬ್ಬನೇ ಕೂತು ನಕ್ಕೆ, ಆಮೇಲೆ ಅತ್ತೆ. ಆ ಮನೆಗಳಲ್ಲಿ ಒಂದು ಹಕ್ಕಿಯೂ ಸತ್ತಿರಲಿಲ್ಲ. ಎಲ್ಲರೂ ಮರೆತಿದ್ದರು. ನನ್ನ ಬೆಲ್ಲದ ನೀರನ್ನೂ, ನನ್ನನ್ನೂ. ಬೇಸಿಗೆಯಿಡೀ ತಪ್ಪದೆ ಬೆಲ್ಲ ಕುದಿಸಿದವನು, ಸೋಸಿದವನು, ತುಂಬಿದವನು ಇಡೀ ಊರಿಗೆ ನಾನೊಬ್ಬನೇ.

ಮನೆಗೆ ಬಂದು ಹೆಂಡತಿಗೆ ಫೋನ್ ಮಾಡಿದಾಗ ನಮಗೆ ಆರು ಗಂಟೆ, ಅವರಿಗೆ ಐದು. ಅವಳಿಗೆ ಗ್ರೂಪಿನ ಮೆಸೇಜು ಓದಲು ಪುರುಸೊತ್ತಾಗಿರಲಿಲ್ಲ. ಎಲ್ಲ ಹೇಳಿದೆ. ಪೆಟ್ಟಿಗೆ, ಗ್ಯಾರೇಜು, ನಾನು ಹೇಳಿದ ಸುಳ್ಳು, ಜೇಡದ ಬಲೆ.

"ಆ ವಿಡಿಯೋಲಿ ಚೆನ್ನಾಗಿ ಕೂತಿತ್ತಲ್ಲ ರೀ" ಎಂದಳು ಕೊನೆಗೆ.

"ಅದಕ್ಕೆ ಏಳಕ್ಕೇ ಆಗ್ತಿರಲಿಲ್ಲ ಕಣೇ. ನಾನು ನಂಬಿಕೆ ಅಂದ್ಕೊಂಡೆ."

ಅವಳು ಎದ್ದು ಬೇರೆ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡದ್ದು ಕೇಳಿಸಿತು.

"ನೀವು ಹೇಗಿದೀರಿ?" ಎಂದು ಕೇಳಿದಳು. ದಿನವೂ ಕೇಳುವ ಪ್ರಶ್ನೆ, ಆದರೆ ದನಿ ಬೇರೆ ಇತ್ತು.

ಎಂದಿನಂತೆ ಆರಾಮಾಗಿದೀನಿ ಎನ್ನಲು ಬಾಯಿ ತೆರೆದೆ, ಆಗಲಿಲ್ಲ.

"ಚೆನ್ನಾಗಿಲ್ಲ" ಎಂದೆ.

"ಯಾವಾಗಿಂದ?"

"ಮಾರ್ಚ್‌ನಿಂದ" ಎಂದೆ.